‘ಎರಡನೇ ಚಂದ್ರ’ ಸುತ್ತುವುದು ಯಾರನ್ನು?

ಭೂಮಿಗೆ ಇನ್ನೊಂದು ಚಂದ್ರ ಸಿಕ್ಕಿದೆಯಂತೆ, 2083ರ ವರೆಗೆ ನಮ್ಮ ಜೊತೆಗೇ ಇರುತ್ತದಂತೆ. 2025ರ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಈ ಸುದ್ದಿ ಬಾರದ ಫೋನ್ ಇರಲಿಲ್ಲ. ಕಾಸರಗೋಡಿನವರಿಗೆ ಇಂಥ ಸುದ್ದಿ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಮೊದಲು ಮಲಯಾಳಂ ಚಾನೆಲ್, ಆಮೇಲೆ ಮಂಗಳೂರಿನಿಂದ ಬರುವ ಕನ್ನಡ ಪೇಪರ್, ಕೊನೆಗೆ ತುಳುವಿನಲ್ಲಿ ಯಾರೋ ಮಾತಾಡಿ ಕಳಿಸಿದ ವಾಯ್ಸ್ ಮೆಸೇಜ್. ಭಾಷೆ ದಾಟಿದ ಹಾಗೆಲ್ಲ ಚಂದ್ರನೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾನೆ. ನನಗೆ ಬಂದ ಮೆಸೇಜಿನಲ್ಲಿ ಸಮುದ್ರದ ಉಬ್ಬರ ಜಾಸ್ತಿಯಾಗಲಿದೆ, ಉಪ್ಪಳ, ಕುಂಬಳೆ, ಮೊಗ್ರಾಲಿನ ಕಡಲ ಬದಿಯವರು ಜಾಗ್ರತೆ ಎಂಬ ಎಚ್ಚರಿಕೆಯೂ ಸೇರಿಕೊಂಡಿತ್ತು.

ಉಬ್ಬರದ ಮಾತನ್ನು ಮೊದಲೇ ಮುಗಿಸಿಬಿಡೋಣ. ಸುದ್ದಿಯಾದ ಆ ವಸ್ತುವಿನ ಹೆಸರು 2025 ಪಿಎನ್7. ಅಗಲ ಸುಮಾರು 20 ಮೀಟರ್ ಅಂತ ಅಂದಾಜು. ಗಟ್ಟಿ ಕಲ್ಲೇ ಅಂದುಕೊಂಡರೂ ತೂಕ ಹತ್ತು ಸಾವಿರ ಟನ್ನಿನ ಆಸುಪಾಸು. ಅತಿ ಹತ್ತಿರ ಬಂದಾಗಲೂ ಅದು ಸುಮಾರು 40 ಲಕ್ಷ ಕಿಲೋಮೀಟರ್ ಆಚೆ ಇರುತ್ತದೆ, ಅಂದರೆ ಚಂದ್ರನಿಗಿಂತ ಹತ್ತು ಪಟ್ಟು ದೂರ. ಅಷ್ಟು ದೂರದ ಅಷ್ಟು ಸಣ್ಣ ಕಲ್ಲು ಕಡಲ ನೀರನ್ನು ಒಂದು ಕೂದಲೆಳೆಯಷ್ಟೂ ಎತ್ತಲಾರದು. ನಮ್ಮ ಕಡಲ್ಕೊರೆತಕ್ಕೆ ಕಾರಣ ಇಲ್ಲೇ ನೆಲದ ಮೇಲೆ ಬೇಕಾದಷ್ಟಿದೆ, ಆಕಾಶದವರೆಗೆ ಹೋಗಬೇಕಾಗಿಲ್ಲ.

ಆದರೆ ಸುದ್ದಿ ಪೂರ್ತಿ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇಲ್ಲ. ಹವಾಯಿಯ ಹಲೇಆಕಲಾ ಬೆಟ್ಟದ ಮೇಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ 2025ರ ಆಗಸ್ಟ್ ಆರಂಭದಲ್ಲಿ ಈ ಕಲ್ಲನ್ನು ಹಿಡಿಯಿತು. ಹಳೆಯ ಚಿತ್ರಗಳನ್ನು ತಿರುವಿ ಹಾಕಿದಾಗ 2014ರಲ್ಲೇ ಅದು ಕ್ಯಾಮೆರಾಕ್ಕೆ ಸಿಕ್ಕಿದ್ದು ಗೊತ್ತಾಯಿತು. ಯಾರೂ ಗಮನಿಸಿರಲಿಲ್ಲ, ಅಷ್ಟೇ. ಮ್ಯಾಡ್ರಿಡ್‌ನ ಕಾರ್ಲೋಸ್ ಮತ್ತು ರಾವುಲ್ ಡಿ ಲಾ ಫುಯೆಂಟೆ ಮಾರ್ಕೋಸ್ ಸಹೋದರರು ಅದರ ದಾರಿಯನ್ನು ಲೆಕ್ಕ ಹಾಕಿದರು. 1960ರ ದಶಕದಿಂದಲೇ ಅದು ಭೂಮಿಯ ಜೊತೆ ಜೊತೆಯಾಗಿ ಸಾಗುತ್ತಿದೆ, 2083ರ ಹೊತ್ತಿಗೆ ಜೊತೆ ಬಿಡುತ್ತದೆ ಎಂಬುದು ಅವರ ಲೆಕ್ಕ. ಸುದ್ದಿಯಲ್ಲಿ ಬಂದ ಇಸವಿಯ ಮೂಲ ಇದು. ಇಸವಿ ಸರಿ ಇತ್ತು. ತಪ್ಪಿದ್ದು ಅದು ಯಾರನ್ನು ಸುತ್ತುತ್ತದೆ ಎಂಬಲ್ಲಿ.

ಅದು ಸುತ್ತುವುದು ಸೂರ್ಯನನ್ನು. ನಮ್ಮ ಹಾಗೆಯೇ, ಹೆಚ್ಚುಕಡಿಮೆ ಒಂದು ವರ್ಷಕ್ಕೆ ಒಂದು ಸುತ್ತು. ಭೂಮಿಯ ಗುರುತ್ವದ ಹಿಡಿತ ಸೂರ್ಯನ ಹಿಡಿತವನ್ನು ಮೀರಿಸಿ ಕೆಲಸ ಮಾಡುವುದು ಸುಮಾರು 15 ಲಕ್ಷ ಕಿಲೋಮೀಟರ್ ಒಳಗೆ ಮಾತ್ರ. ಚಂದ್ರ ಇರುವುದು 3,84,400 ಕಿಲೋಮೀಟರ್ ದೂರದಲ್ಲಿ, ಆ ಎಲ್ಲೆಯ ಒಳಗೆ. ಪಿಎನ್7 ಯಾವತ್ತೂ ಎಲ್ಲೆಯ ಹೊರಗೆ. ನಾಳೆ ಭೂಮಿಯೇ ಮಾಯವಾಯಿತು ಅಂತ ಇಟ್ಟುಕೊಳ್ಳಿ. ಚಂದ್ರನ ದಾರಿ ತಕ್ಷಣ ಬದಲಾಗುತ್ತದೆ. ಈ ಕಲ್ಲು ಮಾತ್ರ ಏನೂ ಆಗದ ಹಾಗೆ ಸೂರ್ಯನನ್ನು ಸುತ್ತುತ್ತಾ ಮುಂದೆ ಹೋಗುತ್ತದೆ.

ಇಂಥವಕ್ಕೆ ಕ್ವಾಸಿ ಮೂನ್ ಅನ್ನುತ್ತಾರೆ, ಅಂದರೆ ಚಂದ್ರನ ಹಾಗೆ ತೋರುವ, ಚಂದ್ರ ಅಲ್ಲದ ಕಲ್ಲು. ಪಿಎನ್7ಕ್ಕಿಂತ ಈ ಗುಂಪಿನ ಇನ್ನೊಂದು ಕಲ್ಲಿನ ಕತೆ ಹೆಚ್ಚು ಸ್ವಾರಸ್ಯದ್ದು. ಅದರ ಹೆಸರು ಕಾಮೊಆಲೆವಾ. ನಾಲಿಗೆಗೆ ಸ್ವಲ್ಪ ತೊಡಕು, ಹವಾಯಿಯವರ ಹಳೆಯ ಸೃಷ್ಟಿಗೀತೆಯಿಂದ ಬಂದ ಹೆಸರು. ಅದೇ ಪ್ಯಾನ್-ಸ್ಟಾರ್ಸ್ 2016ರ ಏಪ್ರಿಲ್ 27ರಂದು ಅದನ್ನು ಕಂಡುಹಿಡಿಯಿತು. ಪಟ್ಟಿಯಲ್ಲಿ ಅದರ ನಂಬರು 469219. ಅಗಲ 40ರಿಂದ 100 ಮೀಟರ್ ನಡುವೆ. ಸದ್ಯ ಚೀನಾದ ಒಂದು ನೌಕೆ ಹೊರಟಿರುವುದು ಇದರ ಕಡೆಗೇ. ಅದಕ್ಕೆ ಆಮೇಲೆ ಬರೋಣ. ಮೊದಲು ಅದು ನಡೆಯುವ ದಾರಿ ಅರ್ಥವಾಗಬೇಕು. ಯಾಕೆಂದರೆ ಈ ಕಲ್ಲಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿಗೆಲ್ಲ ಉತ್ತರ ಅಡಗಿರುವುದು ಆ ದಾರಿಯಲ್ಲೇ. ಅಪಾಯ ಇದೆಯೋ, ಎಲ್ಲಿಂದ ಬಂತು, ಇಷ್ಟು ದಿನ ಯಾಕೆ ಕಾಣಲಿಲ್ಲ, ಅಲ್ಲಿಗೇ ಯಾಕೆ ನೌಕೆ ಕಳಿಸುತ್ತಾರೆ, ಎಲ್ಲದಕ್ಕೂ. ಸುದ್ದಿಗಳು ಗಾತ್ರ ಹೇಳಿದವು, ಇಸವಿ ಹೇಳಿದವು. ದಾರಿಯನ್ನು ಹೇಳಲಿಲ್ಲ.

ಭೂಮಿಯ ಕಕ್ಷೆ ಹೆಚ್ಚುಕಡಿಮೆ ದುಂಡಗಿದೆ, ಸೂರ್ಯನಿಂದ ಸುಮಾರು 15 ಕೋಟಿ ಕಿಲೋಮೀಟರ್. ಕಾಮೊಆಲೆವಾದ ಕಕ್ಷೆ ಅದಕ್ಕಿಂತ ಸ್ವಲ್ಪ ಉದ್ದುದ್ದ. ಹತ್ತಿರ ಬಂದಾಗ ಸೂರ್ಯನಿಂದ 13.4 ಕೋಟಿ ಕಿಲೋಮೀಟರ್, ದೂರ ಹೋದಾಗ 16.5 ಕೋಟಿ. ಸೂರ್ಯನ ಹತ್ತಿರ ಬಂದ ವಸ್ತು ಬೇಗ ಓಡುತ್ತದೆ, ದೂರ ಹೋದದ್ದು ನಿಧಾನವಾಗುತ್ತದೆ. ಕೆಪ್ಲರ್ ನಾಲ್ಕು ಶತಮಾನದ ಹಿಂದೆಯೇ ಹೇಳಿದ ಮಾತು ಇದು. ಹಾಗಾಗಿ ವರ್ಷದ ಅರ್ಧ ಕಾಲ ಕಾಮೊಆಲೆವಾ ಭೂಮಿಯ ದಾರಿಯ ಒಳಬದಿಯಲ್ಲಿದ್ದುಕೊಂಡು ನಮ್ಮನ್ನು ದಾಟಿ ಮುಂದೆ ಹೋಗುತ್ತದೆ. ಇನ್ನರ್ಧ ಕಾಲ ಹೊರಬದಿಯಲ್ಲಿದ್ದುಕೊಂಡು ಹಿಂದೆ ಬೀಳುತ್ತದೆ.

ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಅಂಗಣದಲ್ಲಿ ಅತ್ತೆ, ಸೊಸೆ ಇಬ್ಬರೂ ಪ್ರದಕ್ಷಿಣೆ ಬರುತ್ತಿದ್ದಾರೆ ಅಂದುಕೊಳ್ಳಿ. ಅತ್ತೆಯದ್ದು ಒಂದೇ ಹದದ ನಡಿಗೆ, ಒಂದೇ ದುಂಡು ದಾರಿ. ಸೊಸೆ ಒಂದು ಬದಿಯಲ್ಲಿ ಗರ್ಭಗುಡಿಗೆ ಹತ್ತಿರವಾಗಿ ಬಿರುಸಾಗಿ ನಡೆಯುತ್ತಾಳೆ, ಇನ್ನೊಂದು ಬದಿಯಲ್ಲಿ ದೂರ ಸರಿದು ನಿಧಾನವಾಗುತ್ತಾಳೆ. ಇಬ್ಬರ ಸುತ್ತೂ ಒಂದೇ ಹೊತ್ತಿಗೆ ಮುಗಿಯುತ್ತದೆ. ಈಗ ಅತ್ತೆಯ ಕಣ್ಣಿನಿಂದ ನೋಡಿ. ಸೊಸೆ ಬಲಗಡೆಯಿಂದ ತನ್ನನ್ನು ದಾಟುತ್ತಾಳೆ, ಎದುರಿನಿಂದ ಎಡಕ್ಕೆ ಹಾಯುತ್ತಾಳೆ, ಎಡಗಡೆ ಹಿಂದೆ ಉಳಿಯುತ್ತಾಳೆ, ಬೆನ್ನ ಹಿಂದಿನಿಂದ ಮತ್ತೆ ಬಲಕ್ಕೆ ಬರುತ್ತಾಳೆ. ‘ಇವಳು ದೇವರನ್ನು ಬಿಟ್ಟು ನನಗೇ ಸುತ್ತು ಬರುತ್ತಿದ್ದಾಳಲ್ಲ’ ಅಂತ ಅತ್ತೆಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಅದೂ ಅಪ್ರದಕ್ಷಿಣೆ! ದೇವರಿಗೆ ಇಬ್ಬರದ್ದೂ ಪ್ರದಕ್ಷಿಣೆಯೇ, ಅತ್ತೆಗೆ ಮಾತ್ರ ಸೊಸೆಯದ್ದು ಅಪ್ರದಕ್ಷಿಣೆ.

ಕ್ವಾಸಿ ಮೂನ್‌ಗಳು ಮಾಡುವುದು ಇದನ್ನೇ. ಚಂದ್ರ ಭೂಮಿಯನ್ನು ಸುತ್ತುವ ದಿಕ್ಕು ಒಂದಾದರೆ, ಇವು ಸುತ್ತುವ ಹಾಗೆ ಕಾಣುವ ದಿಕ್ಕು ಅದಕ್ಕೆ ಉಲ್ಟಾ. ಸುತ್ತಿನ ಆಕಾರವೂ ದುಂಡಗಿಲ್ಲ. ಸೂರ್ಯನ ಕಡೆಗೆ ಇರುವ ಅಗಲಕ್ಕಿಂತ ಭೂಮಿಯ ದಾರಿಯುದ್ದಕ್ಕೆ ಇರುವ ಉದ್ದ ಎರಡು ಪಟ್ಟು. ಸಾಲದ್ದಕ್ಕೆ ಕಾಮೊಆಲೆವಾದ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 8 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ವರ್ಷಕ್ಕೊಮ್ಮೆ ಮೇಲೆ ಹೋಗಿ ಕೆಳಗೆ ಬರುವ ಆಟವೂ ಇದೆ. ಚಂದ್ರನ ದೂರವನ್ನು ಒಂದು ಅಳತೆಗೋಲು ಅಂದುಕೊಂಡರೆ, ಅದು 38 ಅಳತೆಗಿಂತ ಹತ್ತಿರ ಬರುವುದಿಲ್ಲ, 100 ಅಳತೆಗಿಂತ ದೂರ ಹೋಗುವುದಿಲ್ಲ. ಕಿಲೋಮೀಟರಿನಲ್ಲಿ ಹೇಳುವುದಾದರೆ ಸುಮಾರು ಒಂದೂವರೆ ಕೋಟಿಯಿಂದ 3.8 ಕೋಟಿ.

ಇಲ್ಲಿ ಚುರುಕಾದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. ‘ಮಾಷ್ಟ್ರೇ, ಭೂಮಿಗೆ ಅದರ ಮೇಲೆ ಹಿಡಿತವೇ ಇಲ್ಲ ಅಂದಮೇಲೆ ಎರಡರ ವರ್ಷವೂ ಸರಿಯಾಗಿ ಒಂದೇ ಹೇಗೆ?’ ಒಳ್ಳೆಯ ಪ್ರಶ್ನೆ. ವರ್ಷಕ್ಕೆ ಒಂದೇ ಒಂದು ದಿನದ ವ್ಯತ್ಯಾಸ ಇದ್ದರೂ ಸಾಕು, ನೂರ ಎಂಬತ್ತು ಚಿಲ್ಲರೆ ವರ್ಷದಲ್ಲಿ ಅದು ಸೂರ್ಯನ ಆಚೆ ಬದಿಗೆ ಹೋಗಿರುತ್ತದೆ. ಹಾಗೆ ಹೋಗದಂತೆ ತಡೆಯುವುದು ಭೂಮಿಯೇ. ಹಿಡಿತ ಇಲ್ಲ, ಆದರೆ ಸಣ್ಣ ಎಳೆತ ಇದೆ.

ಆ ಎಳೆತ ಕೆಲಸ ಮಾಡುವ ರೀತಿ ಮೊದಲ ಸಲ ಕೇಳಿದಾಗ ತಲೆಕೆಳಗು ಅನ್ನಿಸುತ್ತದೆ. ಕಾಮೊಆಲೆವಾದ ಸುತ್ತು ಮೆಲ್ಲಗೆ ಭೂಮಿಯ ಮುಂದಕ್ಕೆ ಸರಿಯುತ್ತಿದೆ ಅಂತ ಇಟ್ಟುಕೊಳ್ಳಿ. ಇಡೀ ಸುತ್ತು ಮುಂದೆ ಸರಿದರೆ ಅದರ ಹಿಂದಿನ ಅಂಚು ಭೂಮಿಗೆ ಹತ್ತಿರವಾಗುತ್ತದೆ, ಅಲ್ವಾ? ಕಲ್ಲು ಆ ಹಿಂದಿನ ಅಂಚಿಗೆ ಬಂದಾಗಲೆಲ್ಲ ಭೂಮಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಮುಂದಕ್ಕೆ ಎಳೆದರೆ ಶಕ್ತಿ ಜಾಸ್ತಿಯಾಗುತ್ತದೆ. ಶಕ್ತಿ ಜಾಸ್ತಿಯಾದರೆ ಕಕ್ಷೆ ದೊಡ್ಡದಾಗುತ್ತದೆ. ಕಕ್ಷೆ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು. ಕಲ್ಲು ಮೆಲ್ಲಗೆ ಹಿಂದೆ ಬೀಳುತ್ತದೆ, ಅಂದರೆ ವಾಪಸ್ ಭೂಮಿಯ ಕಡೆಗೆ ಬರುತ್ತದೆ. ಸುತ್ತು ಹಿಂದಕ್ಕೆ ಸರಿದರೆ ಇದೇ ಕೆಲಸ ಉಲ್ಟಾ ನಡೆಯುತ್ತದೆ. ಮುಂದೆ ಎಳೆದು ಹಿಂದೆ ಬೀಳಿಸುವುದು, ಹಿಂದೆ ಎಳೆದು ಮುಂದೆ ಓಡಿಸುವುದು. ಆಕಾಶದ ಲೆಕ್ಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಕೆಲವು ದಶಕಗಳಿಗೊಮ್ಮೆ ಆ ಕಡೆ, ಮತ್ತೆ ಈ ಕಡೆ, ಹೀಗೆ ಓಲಾಡುತ್ತಾ ಕಾಮೊಆಲೆವಾ ಸುಮಾರು ನೂರು ವರ್ಷದಿಂದ ಜೊತೆಗಿದೆ. ಇನ್ನೂ ಕೆಲವು ನೂರು ವರ್ಷ ಇರುತ್ತದೆ. ಪಿಎನ್7ರ ಜೊತೆ ಅಷ್ಟು ಗಟ್ಟಿಯದ್ದಲ್ಲ, ಹಾಗಾಗಿ 2083ಕ್ಕೆ ತಪ್ಪಿಸಿಕೊಳ್ಳುತ್ತದೆ.

ತಪ್ಪಿಸಿಕೊಂಡದ್ದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ, ಅದೇ ದಾರಿಯಲ್ಲಿ ಭೂಮಿಯಿಂದ ದೂರ ದೂರ ಸರಿಯುತ್ತದೆ. ಭೂಮಿಯ ಒಂದು ಬದಿಯಿಂದ ಹೊರಟು ಸೂರ್ಯನ ಆಚೆಗೂ ಹೋಗಿ, ಇನ್ನೊಂದು ಬದಿಯ ತನಕ ಬಂದು ತಿರುಗಿ ಹೋಗುತ್ತದೆ. ಭೂಮಿಯ ಜೊತೆಗೇ ತಿರುಗುತ್ತಾ ನೋಡಿದರೆ ಆ ದಾರಿ ಕುದುರೆ ಲಾಳದ ಹಾಗೆ ಕಾಣುತ್ತದೆ. ಕಾಮೊಆಲೆವಾ ಕೂಡ ಹಿಂದೆ ಹಾಗೆಯೇ ಇತ್ತು, ಮುಂದೆ ಮತ್ತೆ ಹಾಗೆಯೇ ಆಗಲಿದೆ.

ಈ ಗುಂಪಿನಲ್ಲಿ ಭೂಮಿಗೆ ಇಂಥ ಇನ್ನೂ ಕೆಲವು ಜೊತೆಗಾರರು ಗೊತ್ತಾಗಿವೆ. ಶುಕ್ರನಿಗೂ ಒಂದಿದೆ, ಮೊದಲು ಪತ್ತೆಯಾದದ್ದೇ ಅದು. 2002 ವಿಇ ಅಂತ ಬರೆದದ್ದನ್ನು ಮಕ್ಕಳ ಕೋಣೆಯ ಪೋಸ್ಟರ್ ಬರೆದವರು 2 ಅನ್ನು ಇಂಗ್ಲಿಷಿನ Z, ಸೊನ್ನೆಯನ್ನು O ಅಂತ ಓದಿ, ಒಂದೇ ಪದ ಅಂದುಕೊಂಡು ‘ಜೂಜ್ವೆ’ ಮಾಡಿಬಿಟ್ಟರು. 2024ರಲ್ಲಿ ಅದೇ ಅಧಿಕೃತ ಹೆಸರೂ ಆಯಿತು.

ಮಿನಿ ಮೂನ್ ಅನ್ನುವುದು ಬೇರೆಯೇ. 2024ರ ಸೆಪ್ಟೆಂಬರ್ 29ರಿಂದ ನವೆಂಬರ್ 25ರ ವರೆಗೆ ಸುದ್ದಿಯಲ್ಲಿದ್ದ 2024 ಪಿಟಿ5 ನೆನಪಿರಬಹುದು. ಸುಮಾರು 10 ಮೀಟರಿನ ಆ ಕಲ್ಲು ಭೂಮಿಯ ಎಳೆತಕ್ಕೆ ಸ್ವಲ್ಪ ದಿನ ಸಿಕ್ಕಿಕೊಂಡಿತ್ತು. ಪೂರ್ತಿ ಒಂದು ಸುತ್ತನ್ನೂ ಮುಗಿಸದೆ ಹೊರಟುಹೋಯಿತು. 2006ರಲ್ಲಿ ಬಂದ 2006 ಆರ್‌ಎಚ್120 ಹಾಗಲ್ಲ, ನಿಜಕ್ಕೂ ಕೆಲವು ಸುತ್ತು ಹಾಕಿಯೇ 2007ರಲ್ಲಿ ಹೋದದ್ದು. ಭೂಮಿಯದ್ದೇ ಹಾಗಿರುವ ಕಕ್ಷೆಯ ಈ ಸಣ್ಣ ಕಲ್ಲುಗಳ ಬಳಗಕ್ಕೆ ಖಗೋಳ ವಿಜ್ಞಾನಿಗಳು ಇಟ್ಟ ಹೆಸರು ಅರ್ಜುನ. ನಮ್ಮ ಮಹಾಭಾರತದ ಅರ್ಜುನನೇ. ಇದು ಗೊತ್ತಾದ ಕೂಡಲೇ ‘ಮಹಾಭಾರತದಲ್ಲೇ ಇತ್ತು’ ಅಂತ ಹೊಸ ಫಾರ್ವರ್ಡ್ ಶುರುವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಹಾಗಾದರೆ ಈ ಕಲ್ಲುಗಳು ಇಷ್ಟು ವರ್ಷ ಯಾಕೆ ಕಣ್ಣಿಗೆ ಬೀಳಲಿಲ್ಲ? ಅದಕ್ಕೂ ದಾರಿಯೇ ಕಾರಣ. ಕಾಮೊಆಲೆವಾ ವರ್ಷದ ಹೆಚ್ಚಿನ ಕಾಲ ಸೂರ್ಯನ ಬೆಳಕಿನ ಬದಿಯಲ್ಲೋ, ತೀರಾ ಮಂಕಾಗಿಯೋ ಇರುತ್ತದೆ. ವರ್ಷಕ್ಕೊಮ್ಮೆ ಭೂಮಿಯ ದಾರಿಯ ಹೊರಬದಿಗೆ, ಸೂರ್ಯನ ಎದುರು ದಿಕ್ಕಿಗೆ ಬಂದಾಗ ಮಾತ್ರ ರಾತ್ರಿ ಆಕಾಶದಲ್ಲಿ ಚೆನ್ನಾಗಿ ಸಿಗುತ್ತದೆ. ಅದಕ್ಕೂ ಭೂಮಿಗೂ ವರ್ಷ ಒಂದೇ ಆದ್ದರಿಂದ ಆ ಹೊತ್ತು ಪ್ರತಿ ವರ್ಷ ಒಂದೇ ತಿಂಗಳಲ್ಲಿ ಬರುತ್ತದೆ. ಏಪ್ರಿಲ್‌ನಲ್ಲಿ. ನಮ್ಮಲ್ಲಿ ಬಿಸು ಕಣಿ ಇಡುವ ಹೊತ್ತಿಗೆ ಸರಿಯಾಗಿ. ಘಟ್ಟದ ಮೇಲಿನವರ ಚಾಂದ್ರಮಾನ ಯುಗಾದಿ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ನಮ್ಮ ಸೌರಮಾನದ ಬಿಸು ಏಪ್ರಿಲ್ ನಡುವನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ. ಎರಡನೇ ಚಂದ್ರ ಅಂತ ಕರೆಸಿಕೊಂಡ ಈ ಕಲ್ಲು ಪಕ್ಕಾ ಸೌರಮಾನದ್ದು ಅಂತ ತಮಾಷೆಗೆ ಹೇಳಬಹುದು.

ಸಿಗುತ್ತದೆ ಅಂದರೂ ಬರಿಗಣ್ಣಿಗೆ ಸಿಗುವ ಮಾತಲ್ಲ. ಕತ್ತಲೆ ಆಕಾಶದಲ್ಲಿ ನಮ್ಮ ಕಣ್ಣಿಗೆ ಕಾಣುವ ಅತ್ಯಂತ ಮಂಕು ನಕ್ಷತ್ರಕ್ಕಿಂತಲೂ ಅದು 40 ಲಕ್ಷ ಪಟ್ಟು ಮಂಕು. ತಲಪಾಡಿಯಿಂದ ಈಚೆಗೆ ಆರು ಪಥದ ಹೆದ್ದಾರಿ ಆದಮೇಲೆ ರಾತ್ರಿಯೆಲ್ಲ ಬೆಳಕೇ ಬೆಳಕು, ಅದನ್ನು ಬಿಡಿ. ಪನತ್ತಡಿ ಕಡೆ ರಾಣಿಪುರಂ ಗುಡ್ಡದ ಮೇಲೆ, ಅಮಾವಾಸ್ಯೆಯ ಕತ್ತಲಲ್ಲಿ, ಶಾಲೆಯವರ ದೂರದರ್ಶಕ ಇಟ್ಟು ನೋಡಿದರೂ ಪ್ರಯೋಜನವಿಲ್ಲ. ಮೀಟರುಗಟ್ಟಲೆ ಅಗಲದ ಕನ್ನಡಿ ಬೇಕು. ಅರಿಝೋನಾದ ಗ್ರಹಾಂ ಬೆಟ್ಟದ ಮೇಲೆ 8.4 ಮೀಟರಿನ ಎರಡು ಕನ್ನಡಿಗಳಿರುವ ದೂರದರ್ಶಕದಿಂದ ಅದನ್ನು ನೋಡುತ್ತಿದ್ದ ತಂಡಕ್ಕೂ ವರ್ಷದಲ್ಲಿ ಸಿಗುತ್ತಿದ್ದದ್ದು ಕೆಲವೇ ವಾರ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ದೂರದರ್ಶಕ ಮುಚ್ಚಿತು. ಒಂದು ಇಡೀ ವರ್ಷ ಕಾಯಬೇಕಾಯಿತು.

ದಕ್ಷಿಣ ಭಾರತದಲ್ಲೂ ಈ ಹುಡುಕಾಟದ ಕೆಲಸ ನಡೆದಿದೆ. ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರಿನಲ್ಲಿರುವ ವೇಣು ಬಾಪು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಅವರ ತಂಡ 1988ರ ಫೆಬ್ರವರಿಯಲ್ಲಿ ಒಂದು ಕ್ಷುದ್ರಗ್ರಹ ಕಂಡುಹಿಡಿದು, ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರು ಬಂತು. ಅದು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯದ್ದು, ನಮ್ಮ ಹತ್ತಿರದ್ದಲ್ಲ. ಈಗ ಕೆಲಸದ ವೇಗವೇ ಬೇರೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿದಾಗಲೇ 2,104 ಹೊಸ ಕ್ಷುದ್ರಗ್ರಹಗಳು ಲೆಕ್ಕಕ್ಕೆ ಸಿಕ್ಕಿದ್ದವು. ಅದರಲ್ಲಿ ಏಳು ಭೂಮಿಗೆ ಹತ್ತಿರದವು. ಅಂದರೆ ಇನ್ನು ಮೇಲೆ ಮೂರನೇ ಚಂದ್ರ, ಆರನೇ ಚಂದ್ರ ಅಂತ ಸುದ್ದಿ ಬರುತ್ತಲೇ ಇರುತ್ತದೆ, ತಯಾರಾಗಿರಿ. ಆಕಾಶದಲ್ಲಿ ಕಲ್ಲು ಜಾಸ್ತಿಯಾದದ್ದಲ್ಲ, ನೋಡುವ ಕಣ್ಣು ಜಾಸ್ತಿಯಾದದ್ದು.

ಒಂದು ಸಂಶಯ ಮಾತ್ರ ಪ್ರತಿ ಸಲವೂ ಏಳುತ್ತದೆ. ಭೂಮಿಯ ಹಾಗೆಯೇ ಕಕ್ಷೆ ಇರುವ ಸಣ್ಣ ವಸ್ತು ಕಲ್ಲೇ ಆಗಿರಬೇಕಾ? ನಾವೇ ಹಾರಿಸಿದ ಹಳೆಯ ರಾಕೆಟ್ಟಿನ ತುಂಡೂ ಇದೇ ಥರದ ದಾರಿಗೆ ಬೀಳುತ್ತದೆ. 2020 ಎಸ್‌ಒ ಅಂತ ಕ್ಷುದ್ರಗ್ರಹದ ಹೆಸರು ಪಡೆದದ್ದು ಕೊನೆಗೆ 1966ರ ಸರ್ವೇಯರ್-2 ಯಾನದ ರಾಕೆಟ್ಟಿನ ಮೇಲಿನ ಹಂತ ಅಂತ ಗೊತ್ತಾಯಿತು. ಖಾಲಿ ತಗಡಿನ ಡಬ್ಬ. ತಗಡನ್ನು ಸೂರ್ಯನ ಬೆಳಕು ಕಲ್ಲಿಗಿಂತ ಜಾಸ್ತಿ ತಳ್ಳುತ್ತದೆ, ಹಾಗಾಗಿ ಕೆಲವು ತಿಂಗಳು ದಾರಿಯನ್ನು ಸೂಕ್ಷ್ಮವಾಗಿ ನೋಡಿದರೆ ಬಣ್ಣ ಬಯಲಾಗುತ್ತದೆ. ಕಾಮೊಆಲೆವಾ ಈ ಪರೀಕ್ಷೆಯಲ್ಲಿ ಕಲ್ಲೇ ಅಂತ ಪಾಸಾಗಿದೆ.

ಅಪಾಯದ ಪ್ರಶ್ನೆಗೆ ಬಂದರೆ, 38 ಚಂದ್ರ-ದೂರದ ಒಳಗೇ ಬಾರದ ಕಲ್ಲಿಗೆ ಈ ಶತಮಾನದಲ್ಲಿ ಹೆದರಬೇಕಾಗಿಲ್ಲ. ಜೊತೆಗೇ ಇರುವುದು ಅಂದರೆ ಹತ್ತಿರ ಇರುವುದು ಅಂತಲ್ಲ. ನಿಜವಾಗಿ ತೊಂದರೆ ಕೊಡುವವು ಇಂಥ ನಿತ್ಯದ ಜೊತೆಗಾರರಲ್ಲ, ಎಲ್ಲಿಂದಲೋ ಬಂದು ನಮ್ಮ ದಾರಿಯನ್ನು ಅಡ್ಡ ಹಾಯುವವು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಕಲ್ಲು ಪಿಎನ್7ರಷ್ಟೇ ಗಾತ್ರದ್ದು. ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಯಾರೂ ಅದನ್ನು ಮುಂಚೆ ನೋಡಿರಲಿಲ್ಲ. ಬೆಳಕು ಕಂಡು ಕಿಟಕಿ ಹತ್ತಿರ ಓಡಿದವರಿಗೆ ಒಡೆದ ಗಾಜು ತಾಗಿ ಗಾಯಗೊಂಡವರ ಸಂಖ್ಯೆ ಸಾವಿರ ದಾಟಿತು. 2024 ವೈಆರ್4 ಇನ್ನೊಂದು ಉದಾಹರಣೆ. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿ 18ಕ್ಕೆ ಶೇಕಡಾ 3.1ರ ತನಕ ಏರಿತ್ತು. ಬೀಳಬಹುದಾದ ಜಾಗಗಳ ಪಟ್ಟಿಯಲ್ಲಿ ನಮ್ಮ ಅರಬ್ಬೀ ಸಮುದ್ರವೂ ಇತ್ತು. ಒಂದೇ ವಾರದಲ್ಲಿ, ದಾರಿಯ ಲೆಕ್ಕ ಇನ್ನಷ್ಟು ನಿಖರವಾದ ಕೂಡಲೇ, ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯಿತು. ಏರಿದ್ದು ಮೊದಲ ಪುಟದಲ್ಲಿ ಬಂತು. ಇಳಿದದ್ದು ಒಳಪುಟದಲ್ಲಿ.

ಇನ್ನು ಕಾಮೊಆಲೆವಾ ಎಲ್ಲಿಂದ ಬಂತು ಎಂಬುದು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಇದೇ ಗಟ್ಟಿ ಭಾಗ. ಅರಿಝೋನಾದ ಆ ತಂಡ ಕಾಮೊಆಲೆವಾದಿಂದ ಬರುವ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿತು. ಭೂಮಿಯ ಹತ್ತಿರದ ಸಾಮಾನ್ಯ ಕ್ಷುದ್ರಗ್ರಹಗಳ ಜೊತೆ ಅದು ಹೊಂದಿಕೆಯಾಗಲಿಲ್ಲ. ಹೊಂದಿಕೆಯಾದದ್ದು ಅಪೊಲೊ-14ರ ಗಗನಯಾತ್ರಿಗಳು ಚಂದ್ರನಿಂದ ತಂದ ಕಲ್ಲಿನ ಜೊತೆ. 2021ರಲ್ಲಿ ಇದು ಪ್ರಕಟವಾದಾಗ ತಂಡದವರೇ ಸ್ವಲ್ಪ ಅನುಮಾನದಲ್ಲಿದ್ದರು. ಆದರೆ ದಾರಿಯೂ ಅದಕ್ಕೆ ಸಾಕ್ಷಿ ಹೇಳುತ್ತದೆ. ಚಂದ್ರನ ಮೇಲೆ ದೊಡ್ಡ ಕಲ್ಲು ಬಡಿದು ಚೂರುಗಳು ಹಾರಿದರೆ, ಸೆಕೆಂಡಿಗೆ 2.4 ಕಿಲೋಮೀಟರಿಗಿಂತ ವೇಗ ಇರುವವು ಚಂದ್ರನಿಂದ ಬಿಡಿಸಿಕೊಳ್ಳುತ್ತವೆ. ಕಷ್ಟಪಟ್ಟು ಬಿಡಿಸಿಕೊಂಡ ಚೂರಿನಲ್ಲಿ ಉಳಿಯುವ ವೇಗ ಕಮ್ಮಿ. ಅದು ಭೂಮಿಯ ದಾರಿಗೆ ತೀರಾ ಹತ್ತಿರದ ದಾರಿಯಲ್ಲೇ ಸೂರ್ಯನನ್ನು ಸುತ್ತಲು ಶುರು ಮಾಡುತ್ತದೆ. ದೂರದ ಪಟ್ಟಿಯಿಂದ ಬಂದ ಕಲ್ಲು ಇಷ್ಟು ಸೌಮ್ಯವಾದ ಕಕ್ಷೆಗೆ ಇಳಿಯುವುದು ಅಪರೂಪ.

ಹಾಗೆ ಹಾರಿದ ಚೂರುಗಳಲ್ಲಿ ತುಂಬಾ ಕಮ್ಮಿಯಾದರೂ ಕೆಲವು ಇಂಥ ಕಕ್ಷೆಗೆ ಬೀಳಬಹುದು ಅಂತ 2023ರಲ್ಲಿ ಕಂಪ್ಯೂಟರ್ ಲೆಕ್ಕ ತೋರಿಸಿತು. 2024ರಲ್ಲಿ ಇನ್ನೊಂದು ತಂಡ ಇನ್ನೂ ಮುಂದೆ ಹೋಗಿ ಕುಳಿಯ ಹೆಸರನ್ನೇ ಹೇಳಿತು. ಚಂದ್ರನ ಆಚೆ ಬದಿಯಲ್ಲಿರುವ ಜಿಯೊರ್ಡಾನೊ ಬ್ರೂನೊ ಕುಳಿ, 22 ಕಿಲೋಮೀಟರ್ ಅಗಲ. ಇಷ್ಟು ದೊಡ್ಡ ಚೂರು ಹಾರಬೇಕಾದರೆ ಕುಳಿ ಅಷ್ಟು ದೊಡ್ಡದಿರಬೇಕು, ಚೂರು ಇನ್ನೂ ಹತ್ತಿರವೇ ಇರಬೇಕಾದರೆ ಕುಳಿ ಹೊಸದಿರಬೇಕು. ಹೊಸದು ಅಂದರೆ ಕೆಲವು ದಶಲಕ್ಷ ವರ್ಷ. ಹಾಗೆ ಸೋಸುತ್ತಾ ಹೋದರೆ ಉಳಿಯುವುದು ಅದೊಂದೇ ಅಂತ ಅವರ ವಾದ. ಪಿಟಿ5 ಕೂಡ ಚಂದ್ರನ ಕಲ್ಲಿನ ಹಾಗೆಯೇ ಕಂಡದ್ದು ಈ ವಾದಕ್ಕೆ ಬಲ ಕೊಟ್ಟಿತು. ಆದರೆ ಎಲ್ಲರೂ ಒಪ್ಪಿಲ್ಲ. ಬಾಹ್ಯಾಕಾಶದ ಬಿಸಿಲಿಗೆ ಲಕ್ಷಗಟ್ಟಲೆ ವರ್ಷ ಒಣಗಿದ ಸಾಮಾನ್ಯ ಕ್ಷುದ್ರಗ್ರಹವೂ ಇದೇ ಬಣ್ಣಕ್ಕೆ ತಿರುಗಬಹುದು ಅನ್ನುವವರಿದ್ದಾರೆ. ನನಗಂತೂ ಕುಳಿಯ ಹೆಸರು ಹೇಳಿದ್ದು ಸ್ವಲ್ಪ ಅವಸರ ಅನ್ನಿಸುತ್ತದೆ. ಚಂದ್ರನದ್ದು ಅನ್ನುವುದರಲ್ಲಿ ತೂಕ ಇದೆ.

ಇದನ್ನು ತೀರ್ಮಾನ ಮಾಡಲು ಕಲ್ಲೇ ಕೈಗೆ ಬರಬೇಕು. ಚೀನಾದ ಟಿಯಾನ್ವೆನ್-2 ನೌಕೆ 2025ರ ಮೇ ಕೊನೆಗೆ ಶಿಚಾಂಗ್‌ನಿಂದ ಹೊರಟದ್ದು ಅದಕ್ಕೇ. ಯೋಜನೆ ಪ್ರಕಾರ 2026ರ ಜುಲೈ ಹೊತ್ತಿಗೆ ಕಾಮೊಆಲೆವಾ ತಲುಪುವುದು, ಚೂರು ತೆಗೆದುಕೊಂಡು 2027ರ ಕೊನೆಗೆ ಭೂಮಿಗೆ ಹಾಕುವುದು. ಅದಾದ ಮೇಲೆ ನೌಕೆ ಅಲ್ಲಿಗೇ ನಿಲ್ಲದೆ 311ಪಿ ಎಂಬ ಧೂಮಕೇತುವಿನ ಕಡೆಗೆ ಹೋಗುತ್ತದೆ. ಸಾವಿರಾರು ಹತ್ತಿರದ ಕ್ಷುದ್ರಗ್ರಹಗಳನ್ನು ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಮತ್ತೆ ಅದೇ ಕಾರಣ, ದಾರಿ. ಭೂಮಿ ಮತ್ತು ಈ ಕಲ್ಲು ಎರಡೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ, ಒಂದೇ ದಿಕ್ಕಿಗೆ ಓಡುತ್ತಿವೆ. ವೇಗ ಹೊಂದಿಸಲು ಇಂಧನ ಕಮ್ಮಿ ಸಾಕು. ಎಂಟು ಡಿಗ್ರಿ ವಾಲಿರುವುದಕ್ಕೆ ಮಾತ್ರ ಸ್ವಲ್ಪ ಹೆಚ್ಚು ಖರ್ಚು.

ತಲುಪುವುದು ಸುಲಭ, ಮುಟ್ಟುವುದು ಕಷ್ಟ. ಕಾಮೊಆಲೆವಾ ತನ್ನ ಸುತ್ತ ಒಮ್ಮೆ ತಿರುಗಲು ತೆಗೆದುಕೊಳ್ಳುವುದು ಬರೀ 28 ನಿಮಿಷ. ಅಲ್ಲಿ ಸೂರ್ಯ ಹುಟ್ಟಿ ಕಾಲು ಗಂಟೆಯೊಳಗೆ ಮುಳುಗುತ್ತಾನೆ. ಅದರ ಗುರುತ್ವ ಎಷ್ಟು ದುರ್ಬಲ ಅಂದರೆ, ಆ ತಿರುಗುವ ವೇಗಕ್ಕೆ ಹೊರಗೆ ಎಸೆಯುವ ಬಲ ಹಿಡಿದುಕೊಳ್ಳುವ ಬಲಕ್ಕಿಂತ ಹಲವು ಪಟ್ಟು ಜಾಸ್ತಿ. ನೀವು ಅದರ ನಡುಮಟ್ಟದ ಹತ್ತಿರ ಒಂದು ಹರಳು ಇಟ್ಟರೆ ಅದು ಕೂರುವುದಿಲ್ಲ, ಎದ್ದು ಹೊರಗೆ ಹೋಗುತ್ತದೆ. ಬೆನ್ನು ಎನ್ನುವ ಕ್ಷುದ್ರಗ್ರಹ ಜಲ್ಲಿ ರಾಶಿ, ಅದರಿಂದ ಅಮೆರಿಕದ ನೌಕೆ 121.6 ಗ್ರಾಂ ಬಾಚಿ ತಂದಿತ್ತು. ರ‍್ಯೂಗುವಿನಿಂದ ಜಪಾನಿನವರು ತಂದದ್ದು 5.4 ಗ್ರಾಂ. ಇಲ್ಲಿ ಬಾಚಲು ಜಲ್ಲಿ ಇದೆಯೋ, ಬರೀ ಬಂಡೆಯೋ? ಹಾಗಾಗಿ ಮುಟ್ಟಿ ಹಾರುವ ವಿಧಾನದ ಜೊತೆ ಇನ್ನೊಂದನ್ನೂ ಇಟ್ಟುಕೊಂಡಿದ್ದಾರೆ. ಕಾಲು ಊರಿ, ಬಂಡೆಗೆ ಕೊರೆದು ಕಚ್ಚಿ ನಿಂತು ಚೂರು ತೆಗೆಯುವುದು. ಇದನ್ನು ಇಲ್ಲಿಯ ತನಕ ಯಾರೂ ಯಾವ ಕ್ಷುದ್ರಗ್ರಹದ ಮೇಲೂ ಮಾಡಿಲ್ಲ.

ಚೂರು ಬಂದರೆ ಪರೀಕ್ಷೆ ನೇರವಾದದ್ದು. ಕಲ್ಲಿನೊಳಗಿನ ಆಮ್ಲಜನಕದಲ್ಲಿ ಮೂರು ಬೇರೆ ಬೇರೆ ತೂಕದ ಪರಮಾಣುಗಳಿರುತ್ತವೆ. ಅವುಗಳ ಪ್ರಮಾಣ ಭೂಮಿಯಲ್ಲೂ ಚಂದ್ರನಲ್ಲೂ ಹೆಚ್ಚುಕಡಿಮೆ ಒಂದೇ. ಬಹುತೇಕ ಕ್ಷುದ್ರಗ್ರಹಗಳದ್ದು ಬೇರೆ. ಚೀನಾದ ಚಾಂಗ್’ಎ-6 ನೌಕೆ 2024ರ ಜೂನ್‌ನಲ್ಲಿ ಚಂದ್ರನ ಆಚೆ ಬದಿಯಿಂದ ಎರಡು ಕೆಜಿಯ ಹತ್ತಿರ ಮಣ್ಣು ತಂದದ್ದರಿಂದ ಪಕ್ಕದಲ್ಲಿಟ್ಟು ಹೋಲಿಸಲು ಸಾಮಾನೂ ಇದೆ. ಚಂದ್ರನದ್ದೇ ಅಂತ ಆದರೆ ಅದು ಯಾವಾಗ ಹಾರಿತು ಅನ್ನುವುದನ್ನೂ ಚೂರೇ ಹೇಳುತ್ತದೆ, ಬ್ರೂನೊ ಕುಳಿಯ ವಾದ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ಚಂದ್ರನದ್ದಲ್ಲ ಅಂತ ಆದರೆ ಪ್ರಶ್ನೆ ಇನ್ನೂ ದೊಡ್ಡದು: ಮಂಗಳನ ಆಚೆಯಿಂದ ಹೊರಟ ಕಲ್ಲೊಂದು ದಾರಿಯಲ್ಲಿ ಯಾವ ಗ್ರಹಕ್ಕೂ ಬಡಿಯದೆ, ಸೂರ್ಯನಿಗೂ ಬೀಳದೆ, ಭೂಮಿಯ ವರ್ಷಕ್ಕೆ ತನ್ನ ವರ್ಷವನ್ನು ಇಷ್ಟು ಸರಿಯಾಗಿ ಹೊಂದಿಸಿಕೊಂಡದ್ದು ಹೇಗೆ?